ನ್ಯೂಟ್ರಿನೊಗಳ ತವರು ಯಾವ ದಿಕ್ಕಿಗೆ?

ನ್ಯೂಟ್ರಿನೊ ಕಣಕ್ಕೆ ವಿದ್ಯುದಂಶವಿಲ್ಲ. ಅದರ ತೂಕ ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಎದುರಿಗೆ ಬಂಡೆಯಿರಲಿ, ಕಡಲಿರಲಿ, ಇಡೀ ಭೂಗೋಲವೇ ಇರಲಿ, ಬಹುಪಾಲು ನ್ಯೂಟ್ರಿನೊಗಳು ಯಾವುದನ್ನೂ ಮುಟ್ಟದೆ ಆಚೆ ಬದಿಗೆ ಹೊರಟುಹೋಗುತ್ತವೆ. ಸೂರ್ಯನ ಒಡಲಲ್ಲಿ ಹುಟ್ಟಿದವೇ ಭೂಮಿಯ ಮೇಲಿನ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ ಸುಮಾರು 6,500 ಕೋಟಿಯ ಲೆಕ್ಕದಲ್ಲಿ ದಾಟುತ್ತಿವೆ. ಹಗಲಲ್ಲಿ ನೆತ್ತಿಯ ಕಡೆಯಿಂದ, ಇರುಳಲ್ಲಿ ಅಂಗಾಲಿನ ಕಡೆಯಿಂದ. ವುಲ್ಫ್‌ಗಾಂಗ್ ಪೌಲಿ 1930ರಲ್ಲಿ ಕೇವಲ ಲೆಕ್ಕದ ಬಲದಿಂದ ಊಹಿಸಿದ ಈ ಕಣವನ್ನು ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅಮೆರಿಕದ ಒಂದು ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಪತ್ತೆಮಾಡಿದ್ದು 1956ರಲ್ಲಿ.

ನ್ಯೂಟ್ರಿನೊಗಳನ್ನು ಹಿಡಿಯಲು ಇಂದು ಕಡಲಡಿಯಲ್ಲಿಯೂ ದೂರದರ್ಶಕಗಳಿವೆ. ಅವು ಹುಡುಕುವುದು ಸೂರ್ಯನ ನ್ಯೂಟ್ರಿನೊಗಳನ್ನಲ್ಲ. ಅವಕ್ಕಿಂತ ಹತ್ತಾರು ಲಕ್ಷ ಪಟ್ಟು, ಕೆಲವೊಮ್ಮೆ ನೂರಾರು ಕೋಟಿ ಪಟ್ಟು ಹೆಚ್ಚು ಶಕ್ತಿ ಹೊತ್ತು ಬಹುದೂರದಿಂದ ಬರುವ ಕೆಲವೇ ಕೆಲವು ಕಣಗಳನ್ನು. ಅವು ಎಲ್ಲಿಂದ ಹೊರಟವು ಎಂದು ತಿಳಿದರೆ ನೂರು ವರ್ಷಕ್ಕೂ ಹಳೆಯದಾದ ಇನ್ನೊಂದು ಪ್ರಶ್ನೆಗೆ ಉತ್ತರ ಸಿಗುತ್ತದೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5,300 ಮೀಟರ್ ಎತ್ತರಕ್ಕೆ ಏರಿ, ಮೇಲಕ್ಕೆ ಹೋದಷ್ಟೂ ವಿಕಿರಣ ಹೆಚ್ಚುತ್ತದೆಂದು ತೋರಿಸಿದರು. ಆಕಾಶದಿಂದ ಬೀಳುವ ಆ ವಿಶ್ವಕಿರಣಗಳು ಮುಖ್ಯವಾಗಿ ಪ್ರೋಟಾನುಗಳು ಎಂಬುದು ಆಮೇಲೆ ಗೊತ್ತಾಯಿತು. ಅವುಗಳಲ್ಲಿ ಕೆಲವಕ್ಕಿರುವ ಶಕ್ತಿ ಮನುಷ್ಯ ಕಟ್ಟಿದ ಯಾವ ವೇಗವರ್ಧಕದಿಂದಲೂ ಬರುವಂಥದ್ದಲ್ಲ. ಆದರೆ ಪ್ರೋಟಾನಿಗೆ ವಿದ್ಯುದಂಶವಿದೆ. ನಕ್ಷತ್ರಗಳ ನಡುವಿನ ಕಾಂತಕ್ಷೇತ್ರಗಳಲ್ಲಿ ಅದರ ದಾರಿ ಮತ್ತೆ ಮತ್ತೆ ಬಾಗುತ್ತದೆ. ಭೂಮಿಗೆ ತಲುಪುವ ಹೊತ್ತಿಗೆ ಅದು ಬಂದ ದಿಕ್ಕಿಗೂ ಹುಟ್ಟಿದ ಜಾಗಕ್ಕೂ ಸಂಬಂಧವೇ ಉಳಿದಿರುವುದಿಲ್ಲ. ಗ್ಯಾಮಾ ಕಿರಣ ನೇರವಾಗಿ ಬರುತ್ತದೆ, ನಿಜ. ಆದರೆ ಹೆಚ್ಚು ಶಕ್ತಿಯದಾದರೆ ದೂರದ ದಾರಿಯಲ್ಲಿ ಹಳೆಯ ನಕ್ಷತ್ರಗಳ ಬೆಳಕಿಗೆ ಡಿಕ್ಕಿ ಹೊಡೆದು ಅಳಿದುಹೋಗುತ್ತದೆ. ಬಾಗದೆ, ಅಳಿಯದೆ ಬರುವುದು ನ್ಯೂಟ್ರಿನೊ ಒಂದೇ.

ವಿಶ್ವಕಿರಣಕ್ಕೂ ನ್ಯೂಟ್ರಿನೊಗೂ ಇರುವ ನಂಟು ಹೀಗೆ. ವೇಗ ಪಡೆದ ಪ್ರೋಟಾನು ತಾನು ಹುಟ್ಟಿದಲ್ಲಿಯೇ ಸುತ್ತಲಿನ ಅನಿಲಕ್ಕೋ ಬೆಳಕಿಗೋ ಬಡಿದರೆ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಉಂಟಾಗುತ್ತವೆ. ವಿದ್ಯುದಂಶವಿರುವ ಪಯಾನ್ ಮ್ಯೂವಾನ್ ಎಂಬ ಇನ್ನೊಂದು ಕಣವಾಗಿ ಒಡೆಯುವಾಗ ಒಂದು ನ್ಯೂಟ್ರಿನೊ, ಆ ಮ್ಯೂವಾನ್ ಒಡೆಯುವಾಗ ಇನ್ನೆರಡು ಹೊರಬೀಳುತ್ತವೆ. ಹೀಗಾಗಿ ಆಕಾಶದ ಯಾವುದೋ ಒಂದು ಬಿಂದುವಿನಿಂದ ಶಕ್ತಿಶಾಲಿ ನ್ಯೂಟ್ರಿನೊಗಳು ಬರುತ್ತಿವೆಯೆಂದರೆ ಅಲ್ಲಿ ಪ್ರೋಟಾನುಗಳಿಗೆ ವೇಗ ಸಿಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಬೆಳಕಿನಿಂದ ಇಂಥ ಖಚಿತ ಸಾಕ್ಷ್ಯ ಸಿಗುವುದಿಲ್ಲ, ಏಕೆಂದರೆ ಗ್ಯಾಮಾ ಕಿರಣಗಳು ಬರೀ ಎಲೆಕ್ಟ್ರಾನುಗಳಿಂದಲೂ ಹುಟ್ಟಬಹುದು.

ಇದೇ ಸರಣಿ ಭೂಮಿಯ ವಾತಾವರಣದಲ್ಲಿಯೂ ಪ್ರತಿಕ್ಷಣ ನಡೆಯುತ್ತಿದೆ. ವಿಶ್ವಕಿರಣ ಗಾಳಿಗೆ ಬಡಿದು ಪಯಾನ್, ಪಯಾನಿನಿಂದ ಮ್ಯೂವಾನ್ ಮತ್ತು ನ್ಯೂಟ್ರಿನೊ. ಇವು ವಾತಾವರಣದ ನ್ಯೂಟ್ರಿನೊಗಳು. ಇವುಗಳ ಪತ್ತೆಯನ್ನು ಜಗತ್ತಿನಲ್ಲಿ ಮೊದಲು ವರದಿ ಮಾಡಿದ ಕೀರ್ತಿ ಕನ್ನಡ ನಾಡಿನ ನೆಲದಡಿಗೆ ಸೇರಿದ್ದು. ಕಾಸರಗೋಡಿನಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಸುಮಾರು 350 ಕಿ.ಮೀ. ದೂರದಲ್ಲಿರುವ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಆ ಕೆಲಸವನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. ಇಂದಿನ ಕಡಲಡಿಯ ದೂರದರ್ಶಕಗಳ ಮುಖ್ಯ ಉಪಾಯ, ಅಂದರೆ ಆಳಕ್ಕಿಳಿದು ದಿಕ್ಕಿನಿಂದ ನ್ಯೂಟ್ರಿನೊವನ್ನು ಬೇರ್ಪಡಿಸುವುದು, ಅಲ್ಲಿ ಕಾಣಸಿಗುತ್ತದೆ.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿಯಾಗಿ 1951ರಲ್ಲಿ ಕೋಲಾರದ ಗಣಿಗೆ ಇಳಿದರು. ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ ಶ್ರೀಕಂಠನ್ ಅವರನ್ನು ಅಲ್ಲಿಗೆ ಕಳುಹಿಸಿದ್ದು ಮ್ಯೂವಾನುಗಳನ್ನು ಅಳೆಯಲು. ನೆಲದ ಮೇಲೆ ಮ್ಯೂವಾನುಗಳು ಎಡೆಬಿಡದೆ ಸುರಿಯುತ್ತಿರುತ್ತವೆ. ಆಳಕ್ಕೆ ಹೋದಂತೆ ಬಂಡೆ ಅವನ್ನು ತಡೆಯುತ್ತದೆ. ಬೇರೆ ಬೇರೆ ಆಳದಲ್ಲಿ ಎಣಿಸುತ್ತ ಹೋದ ಈ ಕೆಲಸ 1960ರ ದಶಕದ ಆರಂಭದಲ್ಲಿ 2,760 ಮೀಟರ್ ಆಳವನ್ನು ಮುಟ್ಟಿತು. ಅಲ್ಲಿಟ್ಟ ಉಪಕರಣದಲ್ಲಿ ಎರಡು ತಿಂಗಳು ಕಳೆದರೂ ಒಂದೇ ಒಂದು ಮ್ಯೂವಾನ್ ದಾಖಲಾಗಲಿಲ್ಲ. ಮ್ಯೂವಾನಿನ ಗದ್ದಲವೇ ಇಲ್ಲದ ಜಾಗ ಅದು. ಅಂಥ ಮೌನದಲ್ಲಿ ಏನಾದರೂ ಸದ್ದು ಕೇಳಿದರೆ ಅದು ನ್ಯೂಟ್ರಿನೊದ್ದೇ ಆಗಿರಬೇಕು ಎಂಬ ಯೋಚನೆ ಅದೇ ಸಂಸ್ಥೆಯ ಎಂ.ಜಿ.ಕೆ. ಮೆನನ್ ಮತ್ತು ಸಂಗಡಿಗರಿಗೆ ಬಂತು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಆಳದಲ್ಲಿ ಪ್ರಯೋಗ ಹೂಡಿದವು. ಕೋಲಾರದ ಬಂಡೆ ಸಾಮಾನ್ಯ ಕಲ್ಲಿಗಿಂತ ಭಾರ. ಅಷ್ಟು ಬಂಡೆ ತಲೆಯ ಮೇಲಿದ್ದರೆ ಸುಮಾರು 7 ಕಿ.ಮೀ. ನೀರು ಇದ್ದ ಹಾಗೆ. ಇಂದಿನ ಯಾವ ಕಡಲಡಿಯ ದೂರದರ್ಶಕಕ್ಕೂ ಇಷ್ಟು ಹೊದಿಕೆ ಇಲ್ಲ. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ಎದುರುಬದುರು ಗೋಡೆಗಳಂತೆ ನಿಲ್ಲಿಸಿ, ನಡುವೆ ಕಣದ ಜಾಡು ತೋರಿಸುವ ನಿಯಾನ್ ನಳಿಗೆಗಳನ್ನು ಜೋಡಿಸಿದ್ದರು. ಗೋಡೆಗಳನ್ನು ಹೀಗೆ ಲಂಬವಾಗಿ ನಿಲ್ಲಿಸಿದ್ದರಲ್ಲಿಯೇ ಪ್ರಯೋಗದ ಜಾಣ್ಮೆಯಿದೆ. ಮೇಲಿನಿಂದ ಹೇಗೋ ನುಸುಳಿ ಬರುವ ಮ್ಯೂವಾನ್ ನೆಟ್ಟಗೆ ಕೆಳಕ್ಕೆ ಬರುತ್ತದೆ, ಏಕೆಂದರೆ ಬಂಡೆಯ ಅತಿ ಚಿಕ್ಕ ದಾರಿ ಅದು. ಅಡ್ಡಡ್ಡವಾಗಿ ಬಂದ ಮ್ಯೂವಾನ್ ಹತ್ತಾರು ಕಿ.ಮೀ. ಬಂಡೆ ದಾಟಿ ಬಂದಿರಲಾರದು. ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಅಲ್ಲಿಯೇ ಹುಟ್ಟಿರಬೇಕು. ದಿಕ್ಕೇ ಇಲ್ಲಿ ಕಣದ ಗುರುತು.

ಅಂಥ ಅಡ್ಡ ಜಾಡುಗಳು ಸಿಕ್ಕವು. ವರದಿ 1965ರ ಆಗಸ್ಟಿನಲ್ಲಿ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ತಿಂಗಳ ಕೊನೆಗೆ, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಬಳಿಯ ಇನ್ನೊಂದು ಚಿನ್ನದ ಗಣಿಯಲ್ಲಿ ಕೆಲಸಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿಯೂ ಹೊರಬಂತು. ಕೋಲಾರದ ವರದಿಯಲ್ಲಿ ಮೆನನ್, ಶ್ರೀಕಂಠನ್, ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ, ಎಸ್. ಮಿಯಾಕೆ, ಎ.ಡಬ್ಲ್ಯು. ವುಲ್ಫೆಂಡೇಲ್ ಮೊದಲಾದವರ ಹೆಸರುಗಳಿವೆ. ಆದರೆ ಅಲ್ಲಿ ಸಿಕ್ಕಿದ್ದು ನಮ್ಮದೇ ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊಗಳು; ದೂರದ ಆಕರಗಳಿಂದ ಬಂದವಲ್ಲ. ದೂರದವು ಎಷ್ಟು ವಿರಳವೆಂದರೆ, ಕೆಲವು ಚದರ ಮೀಟರ್ ಅಗಲದ ಉಪಕರಣ ನೂರಾರು ವರ್ಷ ಕಾದರೂ ಸಾಲದು. ಕೋಲಾರದಲ್ಲಿ 1980ರಿಂದ ಪ್ರೋಟಾನಿನ ಕ್ಷಯವನ್ನು ಹುಡುಕುವ ಪ್ರಯೋಗ ನಡೆಯಿತು. ಗಣಿಗಾರಿಕೆ ಇಳಿಮುಖವಾಗಿ ಆಳದ ಸುರಂಗಗಳನ್ನು ಉಳಿಸಿಕೊಳ್ಳುವುದು ಕಷ್ಟವಾದಾಗ, 1992ರಲ್ಲಿ ಪ್ರಯೋಗಶಾಲೆ ಮುಚ್ಚಿತು, ಗಣಿ 2001ರಲ್ಲಿ. ಜಗತ್ತಿನ ಅತ್ಯಂತ ಆಳದ ಪ್ರಯೋಗಶಾಲೆಗಳಲ್ಲೊಂದು ಹೀಗೆ ನೀರು ತುಂಬಿ ಹೋದದ್ದು ದೇಶದ ವಿಜ್ಞಾನಕ್ಕಾದ ದೊಡ್ಡ ನಷ್ಟ. ಅದರ ಜಾಗದಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟದಡಿ, ಕೇರಳದ ಇಡುಕ್ಕಿಯ ಗಡಿಯಂಚಿನಲ್ಲಿ, 50,000 ಟನ್ ಕಾಂತೀಕೃತ ಕಬ್ಬಿಣದ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟುವ ಯೋಜನೆಗೆ ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಪಶ್ಚಿಮ ಘಟ್ಟದ ಕಾಡು, ನೀರಿನ ಬಗ್ಗೆ ಎದ್ದ ಆಕ್ಷೇಪಗಳಿಂದ ಅದು ಮುಂದೆ ಸಾಗಿಲ್ಲ. ಕಟ್ಟಿದ್ದರೂ ಅದರ ಗುರಿ ವಾತಾವರಣದ ನ್ಯೂಟ್ರಿನೊಗಳ ಗುಣಧರ್ಮವೇ ಹೊರತು ಆಕಾಶದ ಆಕರಗಳಲ್ಲ.

ಆಕರ ಹುಡುಕಲು ಬೇಕಾದ್ದು ಘನ ಕಿಲೋಮೀಟರ್ ಗಾತ್ರದ ಉಪಕರಣ. ಅಷ್ಟು ದೊಡ್ಡ ಗುಹೆ ತೋಡುವುದು ಆಗದ ಮಾತು. ಸೋವಿಯತ್ ಭೌತವಿಜ್ಞಾನಿ ಮೊಯಿಸೆ ಮಾರ್ಕೊವ್ 1960ರಲ್ಲಿಯೇ ದಾರಿ ಸೂಚಿಸಿದ್ದರು: ಆಳವಾದ ಸರೋವರಕ್ಕೋ ಕಡಲಿಗೋ ಬೆಳಕು ಹಿಡಿಯುವ ಉಪಕರಣಗಳನ್ನು ಇಳಿಸಿ, ಚೆರೆಂಕೋವ್ ಬೆಳಕಿನಿಂದ ಕಣಗಳ ದಿಕ್ಕನ್ನು ಕಂಡುಹಿಡಿಯಬಹುದು. ಕೋಲಾರದಲ್ಲಿ ಬಂಡೆ ಬರೀ ಹೊದಿಕೆಯಾಗಿತ್ತು. ಕಡಲಲ್ಲಿ ನೀರೇ ಹೊದಿಕೆ, ನೀರೇ ನ್ಯೂಟ್ರಿನೊ ಬಡಿಯುವ ಗುರಿ, ನೀರೇ ಬೆಳಕು ಹೊಮ್ಮುವ ಮಾಧ್ಯಮ.

ನೀರಿನಲ್ಲಿ ಬೆಳಕಿನ ವೇಗ ನಿರ್ವಾತದಲ್ಲಿನ ವೇಗದ ಮುಕ್ಕಾಲು ಪಾಲಿನಷ್ಟು. ನ್ಯೂಟ್ರಿನೊ ಬಡಿದು ಹುಟ್ಟಿದ ಮ್ಯೂವಾನ್ ಅದಕ್ಕಿಂತ ವೇಗವಾಗಿ ಓಡುತ್ತದೆ. ಆಗ ಅದರ ದಾರಿಯುದ್ದಕ್ಕೂ ಸುಮಾರು 42 ಡಿಗ್ರಿ ಕೋನದಲ್ಲಿ ಮಸುಕಾದ ನೀಲಿ ಬೆಳಕಿನ ಶಂಕು ಹರಡಿಕೊಳ್ಳುತ್ತದೆ. ಪಾವೆಲ್ ಚೆರೆಂಕೋವ್ 1934ರಲ್ಲಿ ಕಂಡ ಬೆಳಕು ಇದೇ. ನೀರಿನಲ್ಲಿ ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 22 ಸೆಂ.ಮೀ. ಸಾಗುತ್ತದೆ. ಕಡಲಲ್ಲಿ ತೂಗಿಬಿಟ್ಟ ಸಾವಿರಾರು ಬೆಳಕು-ಗ್ರಾಹಕಗಳಲ್ಲಿ ಯಾವುದಕ್ಕೆ ಮೊದಲು, ಯಾವುದಕ್ಕೆ ಎಷ್ಟು ನ್ಯಾನೊಸೆಕೆಂಡು ತಡವಾಗಿ ಬೆಳಕು ತಗಲಿತು ಎಂಬ ಲೆಕ್ಕದಿಂದ ಮ್ಯೂವಾನಿನ ದಾರಿಯನ್ನು ಮತ್ತೆ ಬರೆಯಬಹುದು. ಹೆಚ್ಚು ಶಕ್ತಿಯ ಮ್ಯೂವಾನ್ ನ್ಯೂಟ್ರಿನೊ ಬಂದ ದಿಕ್ಕಿನಲ್ಲಿಯೇ ಮುಂದುವರಿಯುವುದರಿಂದ, ಆ ದಾರಿಯನ್ನು ಹಿಂದಕ್ಕೆ ಎಳೆದರೆ ಆಕರದ ದಿಕ್ಕು ಸಿಗುತ್ತದೆ.

ಆದರೆ ಮೇಲಿನಿಂದ ಸುರಿಯುವ ವಾತಾವರಣದ ಮ್ಯೂವಾನುಗಳು ಕಡಲಡಿಯಲ್ಲಿ ಕೋಲಾರಕ್ಕಿಂತ ಎಷ್ಟೋ ಹೆಚ್ಚು. ನ್ಯೂಟ್ರಿನೊದಿಂದ ಹುಟ್ಟಿದ ಒಂದಕ್ಕೆ ಅವು ಲಕ್ಷಗಟ್ಟಲೆ ಬರುತ್ತವೆ. ಹಾಗಾಗಿ ಈ ದೂರದರ್ಶಕಗಳ ದೃಷ್ಟಿ ಆಕಾಶದ ಕಡೆಗಲ್ಲ, ಪಾತಾಳದ ಕಡೆಗೆ. ಕೆಳಗಿನಿಂದ ಮೇಲಕ್ಕೆ ಬಂದ ಮ್ಯೂವಾನ್ ಇಡೀ ಭೂಮಿಯನ್ನು ದಾಟಿ ಬಂದ ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು. ಭೂಮಿಯನ್ನು ಬೇರಾವ ಕಣವೂ ದಾಟಲಾರದು. ಇದಕ್ಕೂ ಒಂದು ಮಿತಿಯಿದೆ. ಶಕ್ತಿ ಹತ್ತಾರು ಟೆರಾ ಎಲೆಕ್ಟ್ರಾನ್‌ವೋಲ್ಟ್ ಮೀರಿದರೆ ಭೂಮಿ ನ್ಯೂಟ್ರಿನೊಗಳನ್ನೂ ನುಂಗತೊಡಗುತ್ತದೆ. (ಎಲೆಕ್ಟ್ರಾನ್‌ವೋಲ್ಟ್ ಕಣದ ಶಕ್ತಿಯ ಅಳತೆ. ಒಂದು ಟೆರಾ ಎಂದರೆ ಲಕ್ಷ ಕೋಟಿ, ಅದರ ಸಾವಿರ ಪಟ್ಟು ಒಂದು ಪೆಟಾ.) ಅತಿ ಹೆಚ್ಚು ಶಕ್ತಿಯವು ದಿಗಂತದ ಆಸುಪಾಸಿನಿಂದ ಮಾತ್ರ ಸಿಗುತ್ತವೆ.

ಮಾರ್ಕೊವ್ ಹೇಳಿದ್ದು ಸುಲಭ, ಕಡಲು ಕೇಳಲಿಲ್ಲ. ಹವಾಯಿ ದ್ವೀಪದ ಬಳಿ 4.8 ಕಿ.ಮೀ. ಆಳದಲ್ಲಿ ಡುಮಂಡ್ ಎಂಬ ದೂರದರ್ಶಕ ಕಟ್ಟಲು 1970ರ ದಶಕದಿಂದ ಪ್ರಯತ್ನ ನಡೆಯಿತು. 1993ರ ಡಿಸೆಂಬರಿನಲ್ಲಿ ಬೆಳಕು-ಗ್ರಾಹಕಗಳ ಮೊದಲ ಸರವನ್ನು ತಳಕ್ಕೆ ಇಳಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಉಪಕರಣದೊಳಗೆ ನೀರು ನುಗ್ಗಿತು. 1995ರಲ್ಲಿ ಅಮೆರಿಕ ಯೋಜನೆ ಕೈಬಿಟ್ಟಿತು. ಸೈಬೀರಿಯದ ಬೈಕಲ್ ಸರೋವರದಲ್ಲಿ ರಷ್ಯನ್ನರು ಸರಳ ಹಾದಿ ಹಿಡಿದರು: ಚಳಿಗಾಲದಲ್ಲಿ ಸರೋವರದ ಮೇಲೆ ಕಟ್ಟುವ ದಪ್ಪ ಹಿಮದ ಹಾಸಿನ ಮೇಲೆ ನಿಂತು, ರಂಧ್ರ ಕೊರೆದು ಸರಗಳನ್ನು ಇಳಿಬಿಡುವುದು. ಹಡಗು ಬೇಡ, ಅಲೆಯ ಕಾಟವಿಲ್ಲ, ಕೆಟ್ಟದ್ದನ್ನು ಮರುವರ್ಷ ಮೇಲೆತ್ತಿ ರಿಪೇರಿ ಮಾಡಬಹುದು. 1993ರಲ್ಲಿ ಮೂರು ಸರ, 36 ಗ್ರಾಹಕಗಳಿಂದ ಆರಂಭವಾದ ಆ ಕೆಲಸ ಇಂದು ಬೈಕಲ್-ಜಿವಿಡಿ ಎಂಬ ದೊಡ್ಡ ದೂರದರ್ಶಕವಾಗಿ ಬೆಳೆದಿದೆ. ನಿಜವಾದ ಕಡಲಲ್ಲಿ ಮೊದಲು ಗೆದ್ದದ್ದು ಫ್ರಾನ್ಸಿನ ತೂಲೋನ್ ಬಂದರಿನಿಂದ 40 ಕಿ.ಮೀ. ಆಚೆ, ಸುಮಾರು 2,475 ಮೀಟರ್ ಆಳದಲ್ಲಿದ್ದ ಆಂಟಾರೆಸ್. 12 ಸರ, 885 ಗ್ರಾಹಕಗಳೊಡನೆ 2008ರಲ್ಲಿ ಪೂರ್ಣಗೊಂಡು 2022ರ ಫೆಬ್ರವರಿವರೆಗೆ ನಡೆಯಿತು. ಆಕರ ಯಾವುದನ್ನೂ ಅದು ಖಚಿತಪಡಿಸಲಿಲ್ಲ; ಗಾತ್ರ ಸಾಲದು. ಆದರೆ ಕಡಲಲ್ಲಿ ವರ್ಷಗಟ್ಟಲೆ ಉಪಕರಣ ಬಾಳುತ್ತದೆಂದು ತೋರಿಸಿಕೊಟ್ಟಿತು.

ಘನ ಕಿಲೋಮೀಟರ್ ಗಾತ್ರವನ್ನು ಮೊದಲು ಮುಟ್ಟಿದ್ದು ನೀರಲ್ಲ, ಹೆಪ್ಪುಗಟ್ಟಿದ ನೀರು. ದಕ್ಷಿಣ ಧ್ರುವದ ಹಿಮದಲ್ಲಿ 1,450ರಿಂದ 2,450 ಮೀಟರ್ ಆಳದವರೆಗೆ 86 ಸರಗಳಲ್ಲಿ 5,160 ಗ್ರಾಹಕಗಳನ್ನು ಹುದುಗಿಸಿದ ಐಸ್‌ಕ್ಯೂಬ್ 2010ರ ಡಿಸೆಂಬರಿನಲ್ಲಿ ಮುಗಿಯಿತು. ಅದಕ್ಕೆ ಸೆಕೆಂಡಿಗೆ ಸುಮಾರು 3,000 ಮ್ಯೂವಾನುಗಳು ಕಾಣುತ್ತವೆ. ವರ್ಷಕ್ಕೆ ಲಕ್ಷದಷ್ಟು ವಾತಾವರಣದ ನ್ಯೂಟ್ರಿನೊಗಳು. ದೂರದ ಆಕಾಶದಿಂದ ಬಂದವುಗಳನ್ನು ಈ ರಾಶಿಯಲ್ಲಿ ಜಾಲಿಸಬೇಕು. 2013ರಲ್ಲಿ ಒಂದು ಪೆಟಾ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಎರಡು ಘಟನೆಗಳೊಡನೆ, ಬಾಹ್ಯಾಕಾಶದ ಶಕ್ತಿಶಾಲಿ ನ್ಯೂಟ್ರಿನೊಗಳು ಇವೆ ಎಂಬುದು ಖಚಿತವಾಯಿತು. ಅವು ಎಲ್ಲಿಂದ ಬಂದವು ಎಂಬುದು ಮಾತ್ರ ತಿಳಿಯಲಿಲ್ಲ.

ಮೊದಲ ಸುಳಿವು 2017ರ ಸೆಪ್ಟೆಂಬರ್ 22ರಂದು. ಸುಮಾರು 290 ಟೆರಾ ಎಲೆಕ್ಟ್ರಾನ್‌ವೋಲ್ಟಿನ ನ್ಯೂಟ್ರಿನೊ ಒಂದು ಸಿಕ್ಕ ಕೂಡಲೇ ಐಸ್‌ಕ್ಯೂಬ್ ಅದರ ದಿಕ್ಕನ್ನು ಜಗತ್ತಿನ ದೂರದರ್ಶಕಗಳಿಗೆಲ್ಲ ತಿಳಿಸಿತು. ಮಹಾವ್ಯಾಧ ಪುಂಜದಲ್ಲಿ ಆ ದಿಕ್ಕಿಗೆ ಸರಿಯಾಗಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಇತ್ತು. ಫರ್ಮಿ ಉಪಗ್ರಹದ ಪ್ರಕಾರ ಅದು ಗ್ಯಾಮಾ ಕಿರಣಗಳಲ್ಲಿ ಆಗಲೇ ಉಜ್ವಲಿಸುತ್ತಿತ್ತು. ಬ್ಲೇಜಾರ್ ಎಂದರೆ ನಡುವಿನ ಕಪ್ಪುಕುಳಿಯಿಂದ ಹೊರಚಿಮ್ಮುವ ಕಣಗಳ ಧಾರೆ ನೇರ ನಮ್ಮತ್ತಲೇ ಇರುವ ಗೆಲಾಕ್ಸಿ. ಇದು ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರ. ಮಾಗಿಯ ಇರುಳುಗಳಲ್ಲಿ ಕಾಸರಗೋಡಿನ ಆಕಾಶದಲ್ಲಿ ಈ ತಾಣ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಬರಿಗಣ್ಣಿಗೆ ಕಾಣದಿದ್ದರೂ. ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ 2014–15ರಲ್ಲಿಯೂ ಅದೇ ದಿಕ್ಕಿನಿಂದ ಸುಮಾರು ಹದಿಮೂರು ನ್ಯೂಟ್ರಿನೊಗಳು ಹೆಚ್ಚಾಗಿ ಬಂದಿದ್ದವು. 2022ರಲ್ಲಿ ಇನ್ನೊಂದು: ತಿಮಿಂಗಿಲ ಪುಂಜದ ಎನ್‌ಜಿಸಿ 1068 ಎಂಬ ಗೆಲಾಕ್ಸಿಯ ದಿಕ್ಕಿನಿಂದ 79 ನ್ಯೂಟ್ರಿನೊಗಳು ಹೆಚ್ಚು. ದೂರ ಸುಮಾರು 4.7 ಕೋಟಿ ಜ್ಯೋತಿರ್ವರ್ಷ. ಇದರಿಂದ ಅಷ್ಟು ಶಕ್ತಿಯ ಗ್ಯಾಮಾ ಕಿರಣ ಬರುತ್ತಿಲ್ಲ. ಕಪ್ಪುಕುಳಿಯ ಸುತ್ತ ದಟ್ಟವಾದ ಅನಿಲ ಮತ್ತು ವಿಕಿರಣದ ಮುಸುಕಿದೆ; ಗ್ಯಾಮಾ ಕಿರಣ ಅದರೊಳಗೇ ಇಂಗಿಹೋಗುತ್ತದೆ, ನ್ಯೂಟ್ರಿನೊ ಮಾತ್ರ ತೂರಿ ಬರುತ್ತದೆ. ಬೆಳಕಿನ ಖಗೋಳವಿಜ್ಞಾನಕ್ಕೆ ಎಂದೂ ಕಾಣದ ಜಾಗವನ್ನು ನ್ಯೂಟ್ರಿನೊ ತೋರಿಸಿದ ಈ ಸಂಗತಿ ಬ್ಲೇಜಾರಿನ ಸುದ್ದಿಗಿಂತಲೂ ಹೆಚ್ಚು ಮಹತ್ವದ್ದು. 2023ರಲ್ಲಿ ನಮ್ಮದೇ ಕ್ಷೀರಪಥದ ಪಟ್ಟಿಯುದ್ದಕ್ಕೂ ನ್ಯೂಟ್ರಿನೊಗಳ ಕುರುಹು ಸಿಕ್ಕಿತು.

ಈ ಎಲ್ಲದರಲ್ಲಿಯೂ ಒಂದು ಎಚ್ಚರ ಬೇಕು. ಕಾಕತಾಳೀಯವಾಗಿ ಹೀಗೆ ಕಂಡಿರಬಹುದಾದ ಸಂಭವವನ್ನು ಭೌತವಿಜ್ಞಾನಿಗಳು ಸಿಗ್ಮಾಗಳಲ್ಲಿ ಅಳೆಯುತ್ತಾರೆ. ಐದು ಸಿಗ್ಮಾ, ಅಂದರೆ ಮೂವತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಸಂಭವ, ಮುಟ್ಟಿದರೆ ಮಾತ್ರ ಆವಿಷ್ಕಾರ ಎನ್ನುವ ರೂಢಿ. ಬ್ಲೇಜಾರಿನದು ಮೂರರ ಆಸುಪಾಸು, ಎನ್‌ಜಿಸಿ 1068ರದು 4.2, ಕ್ಷೀರಪಥದ್ದು 4.5. ಯಾವುದೂ ಐದಕ್ಕೆ ಏರಿಲ್ಲ. ಏರಬೇಕಾದರೆ ಇನ್ನಷ್ಟು ಕಣಗಳು ಬೇಕು, ಇಲ್ಲವೇ ಪ್ರತಿಯೊಂದು ಕಣದ ದಿಕ್ಕು ಇನ್ನಷ್ಟು ನಿಖರವಾಗಬೇಕು.

ನಿಖರತೆಯಲ್ಲಿ ಹಿಮಕ್ಕಿಂತ ನೀರು ಮೇಲು. ಹಿಮದೊಳಗಿನ ದೂಳು ಬೆಳಕನ್ನು ಚದುರಿಸುತ್ತದೆ; ಆಳಗಡಲ ನೀರಿನಲ್ಲಿ ಬೆಳಕು ಬಹುದೂರ ಚದುರದೆ ಸಾಗುತ್ತದೆ. ಚಂದ್ರಬಿಂಬದ ಅಗಲ ಅರ್ಧ ಡಿಗ್ರಿ. ಐಸ್‌ಕ್ಯೂಬಿನಲ್ಲಿ ಒಳ್ಳೆಯ ಮ್ಯೂವಾನ್ ಜಾಡಿನ ದಿಕ್ಕು ಹೆಚ್ಚುಕಡಿಮೆ ಅಷ್ಟಕ್ಕೆ ನಿಲ್ಲುತ್ತದೆ. ಕಡಲಲ್ಲಿ, ಅತಿ ಹೆಚ್ಚಿನ ಶಕ್ತಿಗಳಲ್ಲಿ, ಅದನ್ನು 0.1 ಡಿಗ್ರಿಗೆ ತರಬಹುದು. ಇನ್ನೊಂದು ಅನುಕೂಲ ಜಾಗದ್ದು. ಕ್ಷೀರಪಥದ ಕೇಂದ್ರ ಇರುವುದು ದಕ್ಷಿಣದ ಧನು ರಾಶಿಯಲ್ಲಿ, ಮೂಲಾ ನಕ್ಷತ್ರದ ಹತ್ತಿರ. ದಕ್ಷಿಣ ಧ್ರುವದಲ್ಲಿ ಅದು ಸದಾ ದಿಗಂತದ ಮೇಲೆಯೇ ಇರುವುದರಿಂದ, ಕೆಳಮುಖವಾಗಿ ನೋಡುವ ಐಸ್‌ಕ್ಯೂಬ್ ಅದನ್ನು ಮ್ಯೂವಾನುಗಳ ಸುರಿಮಳೆಯ ನಡುವೆ ಹುಡುಕಬೇಕು. ಮೆಡಿಟರೇನಿಯನ್ ಕಡಲಿಗೆ ಅದು ದಿನದ ಮೂರನೇ ಎರಡು ಪಾಲಿಗೆ ಹತ್ತಿರ ದಿಗಂತದ ಕೆಳಗಿರುತ್ತದೆ. ಕಾಸರಗೋಡಿನವರಿಗೆ ಅದೇ ಕೇಂದ್ರ ನಡುರಾತ್ರಿ ಎತ್ತರಕ್ಕೆ ಬರುವುದು ಜೂನ್ ನಡುವಿನಲ್ಲಿ, ದಕ್ಷಿಣಕ್ಕೆ ಸುಮಾರು 48 ಡಿಗ್ರಿ ಮೇಲೆ. ಆಗ ಮುಂಗಾರಿನ ಮೋಡ ಆಕಾಶವನ್ನು ಮುಚ್ಚಿರುತ್ತದೆ. ನ್ಯೂಟ್ರಿನೊ ನೋಡುವವರಿಗೆ ಮೋಡ, ಹಗಲು, ಮಳೆಗಾಲ ಯಾವುದೂ ಅಡ್ಡಿಯಲ್ಲ.

ಈ ಎರಡು ಅನುಕೂಲಗಳನ್ನು ನೆಚ್ಚಿ ಯುರೋಪಿನ ಕೆಎಂ3ನೆಟ್ ಸಂಘಟನೆ ಮೆಡಿಟರೇನಿಯನ್ನಿನಲ್ಲಿ ಎರಡು ದೂರದರ್ಶಕಗಳನ್ನು ಕಟ್ಟುತ್ತಿದೆ. ತೂಲೋನ್ ಬಳಿಯ ಓರ್ಕಾ ನ್ಯೂಟ್ರಿನೊಗಳ ಗುಣಧರ್ಮ ಅರಿಯಲು; ಸಿಸಿಲಿಯ ಕಾಪೊ ಪಸ್ಸೆರೊ ಭೂಶಿರದ ಆಚೆ ಸುಮಾರು 3,450 ಮೀಟರ್ ಆಳದ ಆರ್ಕಾ ಆಕರಗಳನ್ನು ಹುಡುಕಲು. ಅಷ್ಟು ಆಳದಲ್ಲಿ ಒತ್ತಡ ವಾಯುಮಂಡಲದ ಒತ್ತಡದ 350 ಪಟ್ಟು. ಕಾಸರಗೋಡು ಕರಾವಳಿಯ ಮಂಜೇಶ್ವರದಿಂದ ಚೆರುವತ್ತೂರಿನವರೆಗಿನ ದೋಣಿಗಳು ಬಲೆ ಬೀಸುವ ಕಡಲಿನ ಆಳ ಹೆಚ್ಚೆಂದರೆ ನೂರಿನ್ನೂರು ಮೀಟರ್. ಆರ್ಕಾದ ತಳ ಸೂರ್ಯನ ಬೆಳಕು ಎಂದೂ ಮುಟ್ಟದ ಕತ್ತಲು. ಅಲ್ಲಿಗೆ ಇಳಿಯುವ ಪ್ರತಿ ಗ್ರಾಹಕ 17 ಇಂಚಿನ ದಪ್ಪ ಗಾಜಿನ ಗೋಳ. ಅದರೊಳಗೆ ಮೂರು ಇಂಚಿನ 31 ಫೋಟೊಮಲ್ಟಿಪ್ಲಯರ್ ನಳಿಗೆಗಳು ಎಲ್ಲ ದಿಕ್ಕಿಗೂ ಮುಖಮಾಡಿವೆ. ಒಂದೇ ಒಂದು ಬೆಳಕಿನ ಕಣವನ್ನೂ ಅವು ಗುರುತಿಸಬಲ್ಲವು. ಸುಮಾರು 700 ಮೀಟರ್ ಎತ್ತರದ ಒಂದು ಸರಕ್ಕೆ ಇಂಥ 18 ಗೋಳಗಳು. ಇಡೀ ಸರವನ್ನು ಸುತ್ತಿ, ಎರಡು ಮೀಟರ್ ಅಗಲದ ಚೌಕಟ್ಟಿನಲ್ಲಿ ಇರಿಸಿ ಹಡಗಿನಿಂದ ತಳಕ್ಕಿಳಿಸುತ್ತಾರೆ. ತಳದಲ್ಲಿ ಕೊಂಡಿ ಬಿಚ್ಚಿದಾಗ ಚೌಕಟ್ಟು ಉರುಳುತ್ತ ಮೇಲೇಳುತ್ತದೆ, ಸರ ಬಿಚ್ಚಿಕೊಂಡು ನೆಟ್ಟಗೆ ನಿಲ್ಲುತ್ತದೆ. ದೂರನಿಯಂತ್ರಿತ ಜಲಾಂತರ್ಗಾಮಿ ಯಂತ್ರವೊಂದು ಅದನ್ನು ದಡದಿಂದ ಬಂದ 100 ಕಿ.ಮೀ. ಉದ್ದದ ಕೇಬಲ್ಲಿಗೆ ಜೋಡಿಸುತ್ತದೆ.

ಸರಗಳು ಒಳಪ್ರವಾಹಕ್ಕೆ ತೊನೆಯುತ್ತಲೇ ಇರುತ್ತವೆ. ಗೋಳ ಎಲ್ಲಿದೆ ಎಂದು ಹತ್ತಿಪ್ಪತ್ತು ಸೆಂ.ಮೀ. ಒಳಗೆ ತಿಳಿಯದಿದ್ದರೆ ನ್ಯಾನೊಸೆಕೆಂಡಿನ ಲೆಕ್ಕವೆಲ್ಲ ವ್ಯರ್ಥ. ಅದಕ್ಕಾಗಿ ತಳದಿಂದ ಶಬ್ದದ ಮಿಡಿತಗಳನ್ನು ಹೊರಡಿಸಿ, ಪ್ರತಿ ಗೋಳದ ಕಿವಿಗೆ ಅದು ತಲುಪಿದ ಹೊತ್ತನ್ನು ಅಳೆಯುತ್ತಾರೆ. ಕಡಲ ಕತ್ತಲು ಪೂರ್ತಿ ಕತ್ತಲೂ ಅಲ್ಲ. ಉಪ್ಪಿನಲ್ಲಿರುವ ಪೊಟ್ಯಾಸಿಯಂ-40 ಒಡೆಯುತ್ತ ಸದಾ ಸಣ್ಣ ಮಿನುಗು ಹೊಮ್ಮಿಸುತ್ತದೆ. ಜೊತೆಗೆ ಬೆಳಕು ಬೀರುವ ಜೀವಿಗಳು. ಕರಾವಳಿಯಲ್ಲಿ ಕೆಲವು ರಾತ್ರಿ ಅಲೆ ಒಡೆದಲ್ಲಿ, ದೋಣಿಯ ಹುಟ್ಟು ತಗಲಿದಲ್ಲಿ ನೀಲಿ ಬೆಳಕು ಹೊಳೆಯುವುದನ್ನು ಮೀನುಗಾರರು ಬಲ್ಲರು. ಆಳದಲ್ಲಿ ಇಂಥ ಜೀವಿಗಳು ಇನ್ನೂ ಬಗೆಬಗೆಯವು. ಆಂಟಾರೆಸ್ 2009 ಮತ್ತು 2010ರ ವಸಂತದಲ್ಲಿ ತಿಂಗಳುಗಟ್ಟಲೆ ಈ ಬೆಳಕಿನಿಂದ ಕುರುಡಾಯಿತು. ಚಳಿಗಾಲದಲ್ಲಿ ಮೇಲಿನ ತಣ್ಣೀರು ಆಹಾರ, ಆಮ್ಲಜನಕಗಳೊಡನೆ ತಳಕ್ಕೆ ಮುಳುಗಿದ್ದೇ ಅದಕ್ಕೆ ಕಾರಣವೆಂದು ಕಡಲ ವಿಜ್ಞಾನಿಗಳು ತೋರಿಸಿದರು. ಭೌತವಿಜ್ಞಾನಿಗಳಿಗೆ ತೊಂದರೆಯಾದದ್ದು ಸಾಗರ ವಿಜ್ಞಾನಕ್ಕೆ ಬೇರೆಲ್ಲಿಯೂ ಸಿಗದ ದಾಖಲೆಯಾಯಿತು. ಸಿಸಿಲಿಯ ಕಡಲಲ್ಲಿಯೂ, ಈ ಯೋಜನೆಯ ಪೂರ್ವತಯಾರಿಗೆ ಇಳಿಸಿದ ಶಬ್ದಗ್ರಾಹಕಗಳಿಗೆ ಸ್ಪರ್ಮ್ ತಿಮಿಂಗಿಲಗಳ ಟಕಟಕ ಸದ್ದು ನಿರೀಕ್ಷೆಗಿಂತ ಹೆಚ್ಚಾಗಿ ಕೇಳಿಸಿತು.

ಆರ್ಕಾದ ಯೋಜನೆ 230 ಸರಗಳದು. ಬರೀ 21 ಸರಗಳು ಕೆಲಸಮಾಡುತ್ತಿದ್ದ 2023ರ ಫೆಬ್ರವರಿ 13ರಂದು, ದಿಗಂತಕ್ಕಿಂತ ಒಂದು ಡಿಗ್ರಿಯೂ ಮೇಲಲ್ಲದ ದಿಕ್ಕಿನಿಂದ ಬಂದ ಮ್ಯೂವಾನ್ ಒಂದು ಇಡೀ ದೂರದರ್ಶಕವನ್ನು ಹಾದುಹೋಯಿತು. ಮೂರನೇ ಒಂದು ಪಾಲಿಗೂ ಹೆಚ್ಚು ನಳಿಗೆಗಳು ಒಮ್ಮೆಲೇ ಎಚ್ಚೆತ್ತವು. ಆ ದಿಕ್ಕಿನಲ್ಲಿ ಸುಮಾರು 140 ಕಿ.ಮೀ. ಬಂಡೆ, ನೀರು ಅಡ್ಡವಿತ್ತು. ವಾತಾವರಣದ ಮ್ಯೂವಾನ್ ಅಷ್ಟು ದಾಟಲಾರದು. ಕೋಲಾರದ ಅಡ್ಡ ಜಾಡಿಗೆ ಹಚ್ಚಿದ ತರ್ಕವೇ ಇಲ್ಲಿಯೂ ನ್ಯೂಟ್ರಿನೊವನ್ನು ಗುರುತಿಸಿತು. ಎರಡು ವರ್ಷ ಪರಿಶೀಲಿಸಿ, 2025ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಮ್ಯೂವಾನಿನ ಶಕ್ತಿ ಸುಮಾರು 120 ಪೆಟಾ ಎಲೆಕ್ಟ್ರಾನ್‌ವೋಲ್ಟ್, ಅದನ್ನು ಹುಟ್ಟಿಸಿದ ನ್ಯೂಟ್ರಿನೊದ್ದು ಸುಮಾರು 220. ಅದುವರೆಗೆ ಕಂಡ ನ್ಯೂಟ್ರಿನೊಗಳಲ್ಲೆಲ್ಲ ಇದೇ ಹೆಚ್ಚು. ಜಿನೀವಾದ ದೊಡ್ಡ ಕೊಲೈಡರಿನಲ್ಲಿ ಪ್ರೋಟಾನಿಗೆ ಸಿಗುವ ಶಕ್ತಿಯ ಸುಮಾರು 30,000 ಪಟ್ಟು. ಸುಲಿದ ಚಾಲಿ ಅಡಿಕೆಯೊಂದು ಮೊಣಕಾಲೆತ್ತರದಿಂದ ಬಿದ್ದಾಗ ನೆಲಕ್ಕೆ ತಗಲುವ ಶಕ್ತಿ ಅದು, ಒಂದೇ ಕಣದೊಳಗೆ.

ಅದರ ಆಕರ ಗೊತ್ತಾಗಲಿಲ್ಲ. ಕಾರಣ ಮತ್ತೆ ದಿಕ್ಕು. ಜಾಡೇನೋ ಸ್ಪಷ್ಟವಾಗಿತ್ತು, ಆದರೆ ಕಡಲ ತಳದಲ್ಲಿ ಇಡೀ ಚೌಕಟ್ಟು ಯಾವ ಕಡೆಗೆ ಮುಖಮಾಡಿದೆ ಎಂಬ ಅಳತೆ ಆಗ ಅಷ್ಟು ನಿಖರವಾಗಿರಲಿಲ್ಲ. ಹೀಗಾಗಿ ದಿಕ್ಕಿನ ಅನಿಶ್ಚಿತತೆ 1.5 ಡಿಗ್ರಿ ಉಳಿಯಿತು. ಮಹಾವ್ಯಾಧದ ಪೂರ್ವಕ್ಕಿರುವ ಆ ತುಂಡು ಆಕಾಶದಲ್ಲಿ ಹತ್ತಕ್ಕೂ ಹೆಚ್ಚು ಬ್ಲೇಜಾರುಗಳಿವೆ, ಯಾವುದನ್ನೂ ಬೆರಳಿಟ್ಟು ತೋರಿಸುವಂತಿಲ್ಲ. ಆರ್ಕಾಕ್ಕಿಂತ ದೊಡ್ಡದಾಗಿದ್ದು ಹೆಚ್ಚು ಕಾಲ ನೋಡಿರುವ ಐಸ್‌ಕ್ಯೂಬಿಗೆ ಇಂಥದ್ದೊಂದೂ ಸಿಕ್ಕಿಲ್ಲವೆಂಬುದು ಇನ್ನೊಂದು ಬಿಡಿಸದ ಗಂಟು. ಅತಿ ಶಕ್ತಿಯ ವಿಶ್ವಕಿರಣಗಳು ವಿಶ್ವವನ್ನೆಲ್ಲ ತುಂಬಿರುವ ಹಿನ್ನೆಲೆ ಬೆಳಕಿಗೆ ದಾರಿಮಧ್ಯೆ ಬಡಿದು ಹುಟ್ಟಿದ ನ್ಯೂಟ್ರಿನೊ ಇದಾಗಿದ್ದರೆ, ಅದಕ್ಕೆ ಆಕರವೆಂಬ ಬಿಂದುವೇ ಇರುವುದಿಲ್ಲ.

ದಿಕ್ಕು ಸಿಕ್ಕ ಕೂಡಲೇ ಅತ್ತ ತಿರುಗಿ ನೋಡುವ ಬೆಳಕಿನ ದೂರದರ್ಶಕಗಳೂ ಈ ಹುಡುಕಾಟದ ಅರ್ಧ ಭಾಗ. ಈ ಬಗೆಯ ಕೆಲಸಕ್ಕೆ ಒದಗುವ ಸಾಧನಗಳು ಭಾರತದಲ್ಲಿವೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತದೆ; ಅದರ ನಿಯಂತ್ರಣ ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದ, ಕೋಲಾರಕ್ಕೆ ಹೋಗುವ ಹೆದ್ದಾರಿಯ ಊರಿನಿಂದ. ಅದೇ ಹಾನ್ಲೆಯಲ್ಲಿ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ, 21 ಮೀಟರ್ ಅಗಲದ ಮೇಸ್ ದೂರದರ್ಶಕ ಬ್ಲೇಜಾರುಗಳ ಗ್ಯಾಮಾ ಕಿರಣಗಳನ್ನು, ಅವು ಗಾಳಿಯಲ್ಲಿ ಎಬ್ಬಿಸುವ ಚೆರೆಂಕೋವ್ ಬೆಳಕಿನಿಂದಲೇ, ಗುರುತಿಸುತ್ತದೆ.

ಕಡಲಡಿಯಲ್ಲಿ ಇನ್ನೂ ಎರಡು ದೊಡ್ಡ ಯೋಜನೆಗಳು ರೂಪುಗೊಳ್ಳುತ್ತಿವೆ. ಕೆನಡಾದ ವ್ಯಾಂಕೂವರ್ ದ್ವೀಪದ ಆಚೆ, ಸಾಗರ ವಿಜ್ಞಾನಕ್ಕೆಂದು ಮೊದಲೇ ಹಾಸಿದ ಕೇಬಲ್ ಜಾಲಕ್ಕೆ ಜೋಡಿಸಿ, 2,660 ಮೀಟರ್ ಆಳದಲ್ಲಿ ಪಿ-ಒನ್. ದಕ್ಷಿಣ ಚೀನಾ ಸಮುದ್ರದಲ್ಲಿ ಸುಮಾರು 3,500 ಮೀಟರ್ ಆಳದಲ್ಲಿ ಟ್ರೈಡೆಂಟ್. ಅದರ ಯೋಜನೆ ಸುಮಾರು 1,200 ಸರಗಳದು, ಹಲವು ಘನ ಕಿಲೋಮೀಟರ್ ನೀರಿನದು. ಟ್ರೈಡೆಂಟ್ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿಗೆ. ಸಮಭಾಜಕಕ್ಕೆ ಅಷ್ಟು ಹತ್ತಿರವಿದ್ದರೆ ಭೂಮಿ ಸುತ್ತುತ್ತಿರುವಂತೆ ಹೆಚ್ಚುಕಡಿಮೆ ಇಡೀ ಆಕಾಶ ದಿನದ ಒಂದಲ್ಲ ಒಂದು ಹೊತ್ತಿನಲ್ಲಿ ದಿಗಂತದ ಕೆಳಗೆ ಹಾದುಹೋಗುತ್ತದೆ. ಧ್ರುವದಲ್ಲಿ ಕುಳಿತ ಐಸ್‌ಕ್ಯೂಬಿಗೆ ಸದಾ ಅದೇ ಅರ್ಧ. ಐಸ್‌ಕ್ಯೂಬಿನ ಹತ್ತು ವರ್ಷದ ದಾಖಲೆ 4.2 ಸಿಗ್ಮಾಕ್ಕೆ ಮುಟ್ಟಿಸಿದ ಎನ್‌ಜಿಸಿ 1068, ಟ್ರೈಡೆಂಟ್ ಪೂರ್ಣಗೊಂಡರೆ ಒಂದೇ ವರ್ಷದಲ್ಲಿ ಐದು ಸಿಗ್ಮಾಕ್ಕೆ ಏರುತ್ತದೆಂದು ಆ ತಂಡದ ಲೆಕ್ಕ.